ಅರಸರ ಸಂಗ್ರಹ, ಜನರ ಕಾವಲು

ರಷ್ಯಾಕ್ಕೆ ತಂಡವಾಗಿ ಪ್ರವಾಸ ಹೋಗುವವರು ಮಾಸ್ಕೋದ ಜೊತೆಗೆ ನೋಡಿಯೇ ಬರುವ ನಗರ ಸೇಂಟ್ ಪೀಟರ್ಸ್‌ಬರ್ಗ್. 1703ರಲ್ಲಿ ಮಹಾ ಪೀಟರ್ ನೇವಾ ನದಿ ಸಮುದ್ರ ಸೇರುವ ಜೌಗುನೆಲದಲ್ಲಿ ಅಡಿಪಾಯ ಹಾಕಿದ, ಮುಂದೆ ಸುಮಾರು ಎರಡು ಶತಮಾನಗಳ ಕಾಲ ತ್ಸಾರ್‌ಗಳ, ಅಂದರೆ ರಷ್ಯಾದ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಈ ನಗರದಲ್ಲಿಯೂ ಅದರ ಸುತ್ತಮುತ್ತಲೂ ಹಳೆಯ ಅರಮನೆಗಳೇ ಇಂದು ವಸ್ತುಸಂಗ್ರಹಾಲಯಗಳಾಗಿವೆ. ಅರಸರು ಕೂಡಿಸಿದ್ದನ್ನು ಬೆಂಕಿ ಮತ್ತು ಯುದ್ಧಗಳ ನಡುವೆ ಕಾಪಾಡಿದವರು, ಕಾಪಾಡಲಾಗದೆ ಹೋದುದನ್ನು ಮತ್ತೆ ಕಟ್ಟಿ ನಿಲ್ಲಿಸಿದವರು ಅಲ್ಲಿನ ಸಂಗ್ರಹಪಾಲಕರು ಮತ್ತು ಕುಶಲಕರ್ಮಿಗಳು; ಅವರ ದುಡಿಮೆಯನ್ನು ಅರಿತು ನೋಡಿದಾಗಲೇ ಈ ಅರಮನೆಗಳ ಚರಿತ್ರೆ ಪೂರ್ತಿಯಾಗುತ್ತದೆ.

ಇವುಗಳಲ್ಲಿ ಅಗ್ರಸ್ಥಾನ ಹರ್ಮಿಟೇಜಿನದು. ಬರ್ಲಿನ್ನಿನ ವರ್ತಕನೊಬ್ಬ ಪ್ರಶ್ಯದ ಅರಸ ಎರಡನೆಯ ಫ್ರೆಡರಿಕ್‌ನಿಗಾಗಿ ಕೂಡಿಸಿದ್ದ ಚಿತ್ರಗಳನ್ನು, ಯುದ್ಧದಿಂದ ಬೊಕ್ಕಸ ಬರಿದಾಗಿದ್ದ ಆ ಅರಸ ಕೊಳ್ಳದೆ ಬಿಟ್ಟಾಗ, ರಷ್ಯಾದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ 1764ರಲ್ಲಿ ತರಿಸಿಕೊಂಡದ್ದೇ ಈ ಸಂಗ್ರಹದ ಆರಂಭ. 1852ರಲ್ಲಿ ಒಂದನೆಯ ನಿಕೊಲಾಸ್‌ನ ಕಾಲದಲ್ಲಿ ಸಾರ್ವಜನಿಕರಿಗೆ ತೆರೆದ ಈ ಸಂಗ್ರಹಕ್ಕೆ 1917ರ ಕ್ರಾಂತಿಯ ನಂತರ ಚಕ್ರವರ್ತಿಗಳ ವಾಸಸ್ಥಾನವಾಗಿದ್ದ ವಿಂಟರ್ ಪ್ಯಾಲೇಸ್ ಸೇರಿಕೊಂಡಿತು. ಶ್ಚುಕಿನ್ ಮತ್ತು ಮೊರೊಜೊವ್ ಎಂಬ ಮಾಸ್ಕೋದ ವರ್ತಕರು ಫ್ರಾನ್ಸಿನಿಂದ ಕೊಂಡು ತಂದಿದ್ದ ಆಧುನಿಕ ಚಿತ್ರಗಳು ರಾಷ್ಟ್ರೀಕರಣಗೊಂಡು, ಅವುಗಳ ಒಂದು ಪಾಲು ಕಾಲಕ್ರಮದಲ್ಲಿ ಇಲ್ಲಿಗೆ ಬಂದಿತು. ಇಂದು ಸುಮಾರು 30 ಲಕ್ಷ ವಸ್ತುಗಳಿರುವ ಈ ಸಂಸ್ಥೆಯಲ್ಲಿ ಪ್ರವಾಸಿ ತಂಡಗಳಿಗೆ ಸಿಗುವುದು ಸಾಮಾನ್ಯವಾಗಿ ಎರಡು ಮೂರು ಗಂಟೆಗಳ ಕಾಲಾವಕಾಶವಾದ್ದರಿಂದ, ಮಾರ್ಗದರ್ಶಕರು ಜೋರ್ಡಾನ್ ಮಹಾಸೋಪಾನವನ್ನು ಹತ್ತಿಸಿ, ಇಂದಿಗೂ ಚಾಲನೆಯಲ್ಲಿರುವ ಹದಿನೆಂಟನೆಯ ಶತಮಾನದ ನವಿಲಿನ ಗಡಿಯಾರವನ್ನು, ಲಿಯೊನಾರ್ಡೊ ಡಾ ವಿಂಚಿಯ ಎರಡು ಮಡೊನ್ನಾ ಚಿತ್ರಗಳನ್ನು (ಶಿಶು ಯೇಸುವನ್ನು ಎತ್ತಿಕೊಂಡ ಮೇರಿಯ ಚಿತ್ರಗಳಿಗೆ ಈ ಹೆಸರು), ರೆಂಬ್ರಾಂಟ್‌ನ ಕೊನೆಗಾಲದ ಕೃತಿಯಾದ, ಮನೆಗೆ ಮರಳಿದ ಮಗನನ್ನು ತಂದೆ ಬರಮಾಡಿಕೊಳ್ಳುವ ಚಿತ್ರವನ್ನು ತೋರಿಸುತ್ತಾರೆ. ಮಾತೀಸ್‌ನ ‘ನೃತ್ಯ’ ಮೊದಲಾದ ಆಧುನಿಕ ಕೃತಿಗಳು ಅರಮನೆಯ ಮುಂದಿನ ಚೌಕದ ಎದುರು ಬದಿಯ ಜನರಲ್ ಸ್ಟಾಫ್ ಕಟ್ಟಡದಲ್ಲಿರುವುದರಿಂದ ಅನೇಕ ತಂಡಗಳಿಗೆ ಅವು ತಪ್ಪಿಹೋಗುತ್ತವೆ.

ವಿಂಟರ್ ಪ್ಯಾಲೇಸ್ 1837ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಎದ್ದ ಕಟ್ಟಡ. 1941ರಲ್ಲಿ ನಾಜಿ ಜರ್ಮನಿ ದಾಳಿಯಿಟ್ಟಾಗ ಹರ್ಮಿಟೇಜಿನ ಸಿಬ್ಬಂದಿ ಹಗಲಿರುಳು ದುಡಿದು ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಎರಡು ರೈಲುಗಳಲ್ಲಿ ಉರಾಲ್ ಪ್ರದೇಶದ ಸ್ವೆರ್ದ್ಲೋವ್ಸ್ಕ್ ನಗರಕ್ಕೆ ಸಾಗಿಸಿದರು. ಮೂರನೆಯ ರೈಲು ಹೊರಡುವ ಮೊದಲೇ ಶತ್ರುಸೈನ್ಯ ನಗರವನ್ನು ಸುತ್ತುಗಟ್ಟಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತ ಆ 872 ದಿನಗಳ ಮುತ್ತಿಗೆಯಲ್ಲಿ, ಚಿತ್ರಗಳು ಹಿಂದಿರುಗಿದಾಗ ತಮ್ಮ ತಮ್ಮ ಜಾಗಕ್ಕೇ ಸೇರಲೆಂದು ಖಾಲಿ ಚೌಕಟ್ಟುಗಳನ್ನು ಗೋಡೆಗಳಲ್ಲಿಯೇ ಉಳಿಸಿ, ಸಿಬ್ಬಂದಿ ನೆಲಮಾಳಿಗೆಗಳಲ್ಲಿ ಬದುಕುತ್ತಾ ಕಟ್ಟಡವನ್ನು ಕಾದರು. ಈ ಪರಂಪರೆ ಶಾಂತಿಕಾಲದಲ್ಲಿಯೂ ಮುಂದುವರಿದಿದೆ: 1985ರಲ್ಲಿ ದುಷ್ಕರ್ಮಿಯೊಬ್ಬ ಚಾಕುವಿನಿಂದ ಇರಿದು ಆಮ್ಲ ಎರಚಿದ ರೆಂಬ್ರಾಂಟ್‌ನ ‘ಡನಾಯೆ’ ಚಿತ್ರ ಹನ್ನೆರಡು ವರ್ಷಗಳ ಜೀರ್ಣೋದ್ಧಾರದ ನಂತರ ಮತ್ತೆ ಪ್ರದರ್ಶನಕ್ಕೆ ಬಂದಿತು.

ನಗರದ ಹೊರವಲಯದ ಅರಮನೆಗಳು ಜರ್ಮನ್ ಸೈನ್ಯದ ವಶವಾದುದರಿಂದ ಅವುಗಳ ಪಾಡು ಇನ್ನೂ ಘೋರವಾಯಿತು. ತ್ಸಾರ್ಸ್ಕೊಯೆ ಸೆಲೊದಲ್ಲಿರುವ ಕ್ಯಾಥರೀನ್ ಅರಮನೆಯ ಅಂಬರ್ ಕೋಣೆ ಇದಕ್ಕೆ ದೊಡ್ಡ ಸಾಕ್ಷಿ. ಅಂಬರ್ ಎಂದರೆ ಕೋಟ್ಯಂತರ ವರ್ಷಗಳ ಹಿಂದಿನ ಮರಗಳ ಅಂಟು ಕಲ್ಲಿನಂತೆ ಗಟ್ಟಿಯಾಗಿ ಉಂಟಾದ ಜೇನುಬಣ್ಣದ ವಸ್ತು. ಪ್ರಶ್ಯದ ಅರಸ 1716ರಲ್ಲಿ ಪೀಟರ್‌ನಿಗೆ ಉಡುಗೊರೆಯಾಗಿ ಕೊಟ್ಟ ಅಂಬರ್ ಫಲಕಗಳಿಂದ ಈ ಕೋಣೆ ರೂಪುಗೊಂಡಿತು. ಕಳಚಿದರೆ ಪುಡಿಯಾಗುವಷ್ಟು ಒಣಗಿದ್ದ ಫಲಕಗಳನ್ನು ಸಿಬ್ಬಂದಿ ಕಾಗದದಿಂದ ಮುಚ್ಚಿ ಮರೆಮಾಡಿದರಾದರೂ ಜರ್ಮನ್ನರು ಅವನ್ನು ಪತ್ತೆಹಚ್ಚಿ ಆಗ ಜರ್ಮನಿಗೆ ಸೇರಿದ್ದ ಕೋನಿಗ್ಸ್‌ಬರ್ಗ್‌ಗೆ ಒಯ್ದರು. ಯುದ್ಧದ ಕೊನೆಯಲ್ಲಿ ಅವು ಕಾಣೆಯಾದವು. ಇಂದು ಪ್ರವಾಸಿಗರು ಕಾಣುವುದು 1979ರಲ್ಲಿ ಆರಂಭಿಸಿ, ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು, ಮರೆತುಹೋಗಿದ್ದ ಅಂಬರ್ ಕೆತ್ತನೆಯನ್ನು ಹೊಸದಾಗಿ ಕಲಿತು, 2003ರಲ್ಲಿ ಮುಗಿಸಿದ ಮರುಸೃಷ್ಟಿ.

ಫಿನ್‌ಲೆಂಡ್ ಕೊಲ್ಲಿಯ ದಂಡೆಯ ಪೀಟರ್‌ಹೋಫ್‌ನಲ್ಲಿ ನೋಡಬೇಕಾದದ್ದು ಕಾರಂಜಿಗಳ ಜಲವ್ಯವಸ್ಥೆ. ಇಪ್ಪತ್ತು ಕಿಲೊಮೀಟರಿಗೂ ಆಚೆಗಿನ ರೋಪ್ಶಾ ಎತ್ತರದ ಬುಗ್ಗೆಗಳಿಂದ ಕಾಲುವೆ ಮತ್ತು ಕೊಳಗಳ ಮೂಲಕ ಇಳಿದು ಬರುವ ನೀರು ಪಂಪುಗಳ ನೆರವಿಲ್ಲದೆ, ಎತ್ತರದ ವ್ಯತ್ಯಾಸದಿಂದಲೇ ಚಿಮ್ಮುತ್ತದೆ. ಸ್ವೀಡನ್ ವಿರುದ್ಧ 1709ರಲ್ಲಿ ಪೊಲ್ಟಾವದಲ್ಲಿ ಪಡೆದ ಜಯದ ನೆನಪಿಗೆ ನಿಲ್ಲಿಸಿದ, ಸಿಂಹದ ಬಾಯಿ ಸೀಳುವ ಬೈಬಲಿನ ವೀರ ಸ್ಯಾಮ್ಸನ್ ವಿಗ್ರಹವೂ ಯುದ್ಧದಲ್ಲಿ ಕಳೆದುಹೋಗಿ, ಶಿಲ್ಪಿ ವಾಸಿಲಿ ಸಿಮೊನೊವ್ 1947ರಲ್ಲಿ ಅದನ್ನು ಮತ್ತೆ ರೂಪಿಸಿಕೊಟ್ಟನು.

ರಷ್ಯನ್ನರದೇ ಚಿತ್ರಕಲೆಯನ್ನು ಅರಿಯಬೇಕಾದರೆ ಮಿಖೈಲೊವ್ಸ್ಕಿ ಅರಮನೆಯಲ್ಲಿ 1898ರಲ್ಲಿ ತೆರೆದ ರಷ್ಯನ್ ಮ್ಯೂಸಿಯಂಗೆ ಹೋಗಬೇಕು. ವೋಲ್ಗಾ ದಂಡೆಯಲ್ಲಿ ಹಗ್ಗ ಹಿಡಿದು ದೋಣಿ ಎಳೆಯುವ ಕೂಲಿಗಳನ್ನು ರೇಪಿನ್ ಚಿತ್ರಿಸಿದ ಮಹಾಕೃತಿ ಅಲ್ಲಿದೆ. ನಿಕೊಲಾಯ್ ರೋರಿಕ್‌ನ ಚಿತ್ರಗಳೂ ಇವೆ. ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿದ ಈ ಕಲಾವಿದನ ಮಗ ಸ್ವೆಟೊಸ್ಲಾವ್ ರೋರಿಕ್ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಚಿತ್ರನಟಿ ದೇವಿಕಾ ರಾಣಿಯೊಂದಿಗೆ ಬಾಳಿದ್ದು ಬೆಂಗಳೂರಿನ ಬಳಿಯ ತಾತಗುಣಿ ಎಸ್ಟೇಟಿನಲ್ಲಿ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್‌ರ ಕೃತಿಗಳನ್ನು ಕಂಡಿರುವ ಕನ್ನಡಿಗರಿಗೆ ಇಲ್ಲಿನ ಕೋಣೆಗಳು ಅಪರಿಚಿತವೆನಿಸುವುದಿಲ್ಲ.

ಹರ್ಮಿಟೇಜಿಗೆ ಸೋಮವಾರ, ರಷ್ಯನ್ ಮ್ಯೂಸಿಯಂಗೆ ಮಂಗಳವಾರ ರಜೆ; ಪೀಟರ್‌ಹೋಫ್‌ನ ಕಾರಂಜಿಗಳು ಚಳಿಗಾಲದಲ್ಲಿ ನಿಂತಿರುತ್ತವೆ. ತಂಡದ ವೇಳಾಪಟ್ಟಿಯನ್ನು ಪ್ರವಾಸಿಗರು ಬದಲಿಸಲಾಗದಿದ್ದರೂ, ಹಣ ಕಟ್ಟುವ ಮೊದಲೇ ಈ ದಿನಗಳನ್ನು ಪರಿಶೀಲಿಸಿ, ರಷ್ಯನ್ ಮ್ಯೂಸಿಯಂಗೆ ಅರ್ಧ ದಿನವನ್ನಾದರೂ ಕೇಳಿ ಪಡೆಯಬಹುದು. ಪ್ರತಿಯೊಂದು ಅರಮನೆಯಲ್ಲಿಯೂ ಮೂಲದ್ದು ಯಾವುದು, ಮರುನಿರ್ಮಿಸಿದ್ದು ಯಾವುದು, ಅದನ್ನು ಮಾಡಿದವರು ಯಾರು ಎಂದು ಮಾರ್ಗದರ್ಶಕರನ್ನು ಕೇಳುವ ತಂಡಕ್ಕೆ ಚಕ್ರವರ್ತಿಗಳ ಹೆಸರುಗಳ ಜೊತೆಗೆ ಸಿಮೊನೊವ್‌ನಂಥವರ ಹೆಸರುಗಳೂ ತಿಳಿಯುತ್ತವೆ. ಈ ಅರಮನೆಗಳು ಇಂದು ನೋಡಲು ಸಿಗುತ್ತಿರುವುದು ಅಂಥವರಿಂದಲೇ.