ಪಕ್ಕದ ಮನೆಯ ಪ್ರಬಂಧವೂ ಕೆಂಪಾದ ಕಬ್ಬೂ

ಮಂಡ್ಯ ಕಡೆಯವನಾದ ನನಗೆ ಅನಕಾಪಲ್ಲಿ ಪರಊರು ಅನ್ನಿಸಿದ್ದು ಕಡಿಮೆ. ಇಲ್ಲೂ ಕಬ್ಬು, ಇಲ್ಲೂ ಆಲೆಮನೆ. ನಮ್ಮ ಬೆಲ್ಲ ಇವರಿಗೆ ‘ಬೆಲ್ಲಂ’. ವಾರಕ್ಕೆರಡು ದಿನ ವಿಶಾಖಪಟ್ಟಣದ ಕಚೇರಿ, ಉಳಿದಂತೆ ಮನೆಯಿಂದಲೇ ಕೋಡಿಂಗು.

ಕಳೆದ ಆಗಸ್ಟ್‌ನಲ್ಲಿ ಪಕ್ಕದ ಮನೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಸಸ್ಯಶಾಸ್ತ್ರದಲ್ಲಿ ಬಿಎಸ್‌ಸಿ ಆನರ್ಸ್, ನಾಲ್ಕನೇ ವರ್ಷ. ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ 75 ತೆಗೆದವರು ನಾಲ್ಕನೇ ವರ್ಷ ಸಂಶೋಧನೆ ಮಾಡಬಹುದು ಎನ್ನುತ್ತದೆ ಯುಜಿಸಿಯ 2022ರ ಚೌಕಟ್ಟು. ಬೆಲ್ಲದ ಮಂಡಿಯಲ್ಲಿ ದುಡಿಯುವ ಅವಳಪ್ಪನಿಗೆ ಮಾತ್ರ ಮೂರು ವರ್ಷದ ಡಿಗ್ರಿಯೇ ಸಾಕಿತ್ತು. ಪ್ರಸ್ತಾವ ಬಿದ್ದರೆ ಮನೆಯಲ್ಲಿ ಮದುವೆ ಮಾತು ಶುರು.

ಅವಳ ಶೀರ್ಷಿಕೆ: ‘ಕಬ್ಬಿನ ಕೆಂಪು ಕೊಳೆ ರೋಗದ ಅಧ್ಯಯನ’. 1901ರಲ್ಲೇ ಬಾರ್ಬರ್ ಗೋದಾವರಿ ಬಯಲಿನಲ್ಲಿ ಗುರುತಿಸಿದ ರೋಗ. ಅನಕಾಪಲ್ಲಿಯಲ್ಲಂತೂ 1913ರಿಂದ ಕಬ್ಬು ಸಂಶೋಧನಾ ಕೇಂದ್ರವೇ ಇದೆ. ಅವರೆಲ್ಲ ಮಾಡಿದ್ದನ್ನು ಎರಡು ಸೆಮಿಸ್ಟರ್‌ನಲ್ಲಿ ಮುಗಿಸುತ್ತೀಯಾ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಎಂಟೆಕ್ ಪಂಡಿತ ನೋಡಿ! ಎಲೆಯ ಫೋಟೊಗಳಿಂದ ರೋಗ ಪತ್ತೆ, ಮಷೀನ್ ಲರ್ನಿಂಗ್ ಎಂದು ನಾಲ್ಕು ಪುಟ ನಾನೇ ಬರೆದುಕೊಟ್ಟೆ. ಗೈಡ್ ಅದನ್ನು ವಾಪಸ್ ಕಳಿಸಿದರು. ‘ಇದರಲ್ಲಿ ನಿನ್ನ ಪ್ರಶ್ನೆ ಯಾವುದು?’

ಅಲ್ಲಿಂದ ನಾನು ಚಹಾ ಮಾಡಿದೆ, ಅವಳು ಬರೆದಳು. ಕಬ್ಬು ಬೆಳೆಯಲು ಹತ್ತು ಹನ್ನೆರಡು ತಿಂಗಳು, ರೋಗ ಎದ್ದು ಕಾಣುವುದು ಮಳೆಗಾಲದ ಹೊತ್ತಿಗೆ. ಹೊಲದ ಪ್ರಯೋಗಕ್ಕೆ ವರ್ಷ ಸಾಲದು. ಆದರೆ ಶಿಲೀಂಧ್ರ ತಟ್ಟೆಯಲ್ಲಿ ವಾರದಲ್ಲೇ ಹರಡುತ್ತದೆ. ಪ್ರಶ್ನೆ ಹೀಗೆ ಕುಗ್ಗಿತು: ಕಬ್ಬಿನ ಬೇರಿನ ಮಣ್ಣಿನಲ್ಲಿ ಸಿಗುವ ಟ್ರೈಕೋಡರ್ಮಾ, ರೋಗದ ಶಿಲೀಂಧ್ರವನ್ನು ಒಂದೇ ತಟ್ಟೆಯಲ್ಲಿ ಎಷ್ಟು ತಡೆಯುತ್ತದೆ? ಆಲೂಗಡ್ಡೆ ಸಾರದ ಅಗರ್, 28 ಡಿಗ್ರಿ, ಏಳು ದಿನ. ಟ್ರೈಕೋಡರ್ಮಾ ಇಲ್ಲದ ತಟ್ಟೆಗಳೂ ಬೇಕು, ಇಲ್ಲದಿದ್ದರೆ ತಡೆದದ್ದನ್ನು ಯಾವುದಕ್ಕೆ ಹೋಲಿಸುವುದು? ಅದನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಸೆಪ್ಟೆಂಬರ್‌ನ ಒಂದು ಭಾನುವಾರ ಅಪ್ಪನಿಗೆ ತೆಲುಗಿನಲ್ಲಿ ಓದಿ ಹೇಳಿದಳು. ಅವರು ಕೇಳಿದ್ದು ಒಂದೇ: ‘ರೋಗದ ಕಬ್ಬು ಎಲ್ಲಿಂದ ತರ್ತೀಯಾ?’ ಮಧ್ಯಾಹ್ನ ಸ್ಕೂಟರಿನಲ್ಲಿ ಅವರೇ ಕರೆದೊಯ್ದರು, ನಾನು ಬೈಕಿನಲ್ಲಿ ಹಿಂದೆ. ಒಣಗಿದ ಜಲ್ಲೆಯೊಂದನ್ನು ಸೀಳಿದರು. ಒಳಗೆಲ್ಲ ಕೆಂಪು, ನಡುನಡುವೆ ಅಡ್ಡಡ್ಡ ಬಿಳಿ ಮಚ್ಚೆ, ಮೂಗಿಗೆ ಹುಳಿ ಹೆಂಡದ ವಾಸನೆ.

‘ಈ ವಾಸನೆ ಬಂದ ಕಬ್ಬಿನ ಬೆಲ್ಲ ಗಟ್ಟಿಯಾಗೋದಿಲ್ಲ, ಮಂಡಿಯಲ್ಲಿ ಬೆಲೆ ಬೀಳುತ್ತೆ’ ಅಂದರು. ಅವಳು ಫೋನಿನಲ್ಲಿ ಬರೆದುಕೊಂಡಳು. ಪೀಠಿಕೆಯ ಮೊದಲ ಸಾಲು ಅದೇ ಇದೆ.