ಇಬ್ಬರು ಸಿಸ್ಟರ್, ಒಂದೇ ವಾರ್ಡು

ಹೋದ ಮಳೆಗಾಲ ಅತ್ತೆಯವರನ್ನು ಅಗಡಿ ಹಳ್ಳಿಯಿಂದ ಪೇಟೆಯ ಆಸ್ಪತ್ರೆಯೊಂದಕ್ಕೆ ಸೇರಿಸಿ, ಮೂರು ರಾತ್ರಿ ಮಂಚದ ಪಕ್ಕ ಚಾಪೆ ಹಾಸಿಕೊಂಡಿದ್ದೆ. ಎಣಿಸಿದೆ: 22 ಮಂಚ, ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್. ಎಡಗೈ ಮೇಲೆ ಬಾಲ್‌ಪೆನ್ನಿನಲ್ಲಿ ಮಂಚದ ನಂಬರು, ಔಷಧದ ಹೊತ್ತು ಬರೆದುಕೊಂಡಿದ್ದರು. ಕೈ ತೊಳೆದಾಗೆಲ್ಲ ಅದು ಅಳಿಸಿಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದರು. "ನಾ ಬಿ.ಎಸ್ಸಿ. ಮಾಡೇನ್ರಿ, ಹಗಲ ಪಾಳಿಯಾಕಿ ಜಿ.ಎನ್.ಎಂ. ಕೆಲಸ ಇಬ್ಬರಿಗೂ ಒಂದ ಐತ್ರಿ. ಜೀವಾ ಸಾಕಾಗೇತಿ" ಎಂದರು.

ಈ ಎರಡು ಓದುಗಳು ಒಂದೇ ವಾರ್ಡಿಗೆ ಬಂದು ಸೇರಿದ ದಾರಿ ಉದ್ದದ್ದು. 1871ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಮುಂದೆ ಆಸ್ಪತ್ರೆಗಳೇ ಶಾಲೆಗಳಾದವು. ಹುಡುಗಿಯರು ವಾರ್ಡಿನಲ್ಲಿ ದುಡಿಯುತ್ತಲೇ ಕಲಿತರು, ಆಸ್ಪತ್ರೆಯೂ ಅವರ ದುಡಿಮೆಯ ಮೇಲೆಯೇ ನಡೆಯಿತು. ನರ್ಸ್ ಎಂದರೆ ಎಷ್ಟು ಹೇರಿದರೂ ಹೊರುವವಳು ಎಂಬ ಎಣಿಕೆ ಬೇರುಬಿಟ್ಟದ್ದು ಅಲ್ಲೇ ಎಂದು ನನ್ನ ನಂಬಿಕೆ. 1946ರಲ್ಲಿ ದೆಹಲಿ, ವೆಲ್ಲೂರುಗಳಲ್ಲಿ ಪದವಿ ತರಗತಿ ಬಂತು, ಮರುವರ್ಷ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಿಗೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯವಾಯಿತು. ಜಿ.ಎನ್.ಎಂ. ಡಿಪ್ಲೊಮಾ ಮೂರು ವರ್ಷ, ಬಿ.ಎಸ್ಸಿ. ಪದವಿ ನಾಲ್ಕು. ಎರಡರಲ್ಲಿ ಯಾವುದನ್ನು ಮುಗಿಸಿದವರೂ ನೋಂದಾಯಿತ ನರ್ಸ್‌ಗಳೇ.

ಸಿಸ್ಟರ್ ಹೇಳಿದ ಆ 'ಸಾಕಾಗೇತಿ'ಗೆ 1974ರಲ್ಲಿ ನ್ಯೂಯಾರ್ಕಿನ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 'ಬರ್ನ್‌ಔಟ್' ಎಂದು ಹೆಸರಿಟ್ಟರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದು ಕಾಯಿಲೆಯಲ್ಲ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಎಂದಿತು. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ತೋರಿಸಿದ್ದು ಇದು: ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಬರ್ನ್‌ಔಟಿನ ಸಂಭವ ಶೇ 23ರಷ್ಟು, ಶಸ್ತ್ರಚಿಕಿತ್ಸೆಯಾದವರ ಸಾವಿನ ಸಂಭವ ಶೇ 7ರಷ್ಟು ಏರುತ್ತದೆ. ಮರುವರ್ಷ ಅವರೇ ಇನ್ನೊಂದನ್ನೂ ಹೇಳಿದರು. ಪದವೀಧರ ನರ್ಸ್‌ಗಳ ಪಾಲು ಶೇ 10ರಷ್ಟು ಹೆಚ್ಚಿದ್ದಲ್ಲಿ ಸಾವಿನ ಸಂಭವ ಶೇ 5ರಷ್ಟು ಕಡಿಮೆ.

ಅಂದರೆ ಓದು ರೋಗಿಯ ಜೀವ ಕಾಯುತ್ತದೆ. ಓದಿದವಳ ಜೀವ ಕಾಯಲು ಪಕ್ಕದಲ್ಲಿ ಇನ್ನಷ್ಟು ಕೈಗಳು ಬೇಕು. ನಮ್ಮ ಕೌನ್ಸಿಲ್ಲಿನ ಮಾನದಂಡದಲ್ಲೇ ಸಾಮಾನ್ಯ ವಾರ್ಡಿನ ಐವರು ರೋಗಿಗಳಿಗೆ ಒಬ್ಬ ನರ್ಸ್ ಎಂದಿದೆ, ಬೋಧನಾ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು. ನಾನು ಕಂಡದ್ದು 22ಕ್ಕೆ ಒಬ್ಬರನ್ನು. ಅಲ್ಲಿ ಪದವಿಯಾಗಲಿ ಡಿಪ್ಲೊಮಾ ಆಗಲಿ, ಓದಿನಲ್ಲಿ ಕಲಿತಂತೆ ರೋಗಿಯ ಹತ್ತಿರ ಎರಡು ನಿಮಿಷ ನಿಂತು ಮಾತಾಡಿಸಲು ಪುರುಸೊತ್ತೆಲ್ಲಿ?

ಬೆಳಿಗ್ಗೆ ಹಗಲ ಪಾಳಿಯ ಸಿಸ್ಟರ್ ಬಂದರು. ಇಬ್ಬರೂ ಅತ್ತೆಯವರ ಮಂಚದ ಬಳಿ ನಿಂತು, ಕೈಮೇಲೆ ಉಳಿದಿದ್ದ ನಂಬರುಗಳನ್ನು ರಿಜಿಸ್ಟರಿಗೆ ಇಳಿಸಿದರು. ಡಿಗ್ರಿ ಯಾರದು, ಡಿಪ್ಲೊಮಾ ಯಾರದು ಎಂದು ಅತ್ತೆಗೇನು ಗೊತ್ತು? "ಚಾ ಕುಡದೀರೇನವಾ ಇಬ್ಬರೂ?" ಎಂದು ಕೇಳಿದರು.