ಒರಟು ಚೆಲುವಿನ ಅಕ್ಷರ

ಅಚ್ಚಿನ ಅಕ್ಷರಕ್ಕೂ ಮನುಷ್ಯನಂತೆ ಒಂದು ಮುಖವುಂಟು. ಸಲ್ಲದ ಹೆಸರನ್ನು ಹೊರುವ ದುರ್ದೈವವೂ ಉಂಟು. ರೋಮನ್ ಲಿಪಿಯ ‘ನೊಯ್‌ಲಂಡ್’ ಇದಕ್ಕೆ ನಿದರ್ಶನ. ಜರ್ಮನ್ ಭಾಷೆಯಲ್ಲಿ ಈ ಹೆಸರಿಗೆ ‘ಹೊಸ ನೆಲ’ ಎಂದರ್ಥ.

1923ರಲ್ಲಿ ಆಫೆನ್‌ಬಾಖ್ ನಗರದಲ್ಲಿ ಅಚ್ಚಿನ ಮೊಳೆಗಳನ್ನು ಎರಕ ಹೊಯ್ಯುತ್ತಿದ್ದ ಕ್ಲಿಂಗ್‌ಸ್ಪೋರ್ ಸಂಸ್ಥೆಗಾಗಿ ಇದನ್ನು ರೂಪಿಸಿದವನು ರುಡಾಲ್ಫ್ ಕೋಖ್. ಅಕ್ಷರವನ್ನು ಮೊದಲು ಕಾಗದದ ಮೇಲೆ ಚಿತ್ರಿಸಿಕೊಂಡು ಅನಂತರ ಲೋಹಕ್ಕಿಳಿಸುವುದು ಆಗಿನ ವಾಡಿಕೆಯಾಗಿತ್ತು. ಕೋಖ್ ನೇರವಾಗಿ ಲೋಹವನ್ನೇ ಕೊರೆದ. ಅಂತೆಯೇ ಇದಕ್ಕೆ ದಪ್ಪ ಮೈ, ಚೂಪು ಮೂಲೆ, ಮರದಲ್ಲಿ ಕೆತ್ತಿದಂಥ ಒರಟುತನ. ಪ್ರತಿಯೊಂದು ಅಳತೆಯನ್ನೂ ಹೊಸದಾಗಿ ಕೊರೆದುದರಿಂದ ಒಂದು ಅಳತೆಯ ಅಕ್ಷರ ಇನ್ನೊಂದರ ಪಡಿಯಚ್ಚಲ್ಲ. ಇರುವುದೆಲ್ಲ ದೊಡ್ಡಕ್ಷರಗಳೇ. ಪುಟ ತುಂಬ ಜೋಡಿಸಿದರೆ ಕಣ್ಣು ದಣಿಯುತ್ತದೆ. ಭಿತ್ತಿಪತ್ರದ ನಾಲ್ಕು ಮಾತಿಗಾದರೋ ಇದು ದೂರದಿಂದಲೇ ನೋಟವನ್ನು ಸೆಳೆಯುತ್ತದೆ.

ಆ ಒರಟುತನವೇ ಇದಕ್ಕೆ ಮುಳುವಾಯಿತು. ಕಾಡು, ಮೃಗ, ಸಾಹಸ ಎಂದೊಡನೆ ಇದನ್ನು ಬಳಸುವ ರೂಢಿ ಬೆಳೆಯಿತು. 1993ರ ‘ಜುರಾಸಿಕ್ ಪಾರ್ಕ್’ ಚಲನಚಿತ್ರದ ಹೆಸರು ಮೂಡಿದ್ದೂ ಇದರದೇ ಒಂದು ರೂಪದಲ್ಲಿ. ಆಫ್ರಿಕದ ಜನರನ್ನು ಕುರಿತ ಗಂಭೀರ ಗ್ರಂಥಗಳ ಹೊದಿಕೆಗೂ ಇದೇ ಅಕ್ಷರ ಬಂದಾಗ, ಪುಸ್ತಕ ತೆರೆಯುವ ಮೊದಲೇ ಒಂದು ಜನಾಂಗದ ಮೇಲೆ ‘ಕಾಡುತನ’ದ ಮುದ್ರೆ ಬಿದ್ದಂತಾಯಿತು. ಜರ್ಮನಿಯಲ್ಲಿ ಹುಟ್ಟಿದ ಅಕ್ಷರಕ್ಕೂ ಆಫ್ರಿಕಕ್ಕೂ ಎಲ್ಲಿಯ ನಂಟು? ದೋಷ ಅಕ್ಷರದ್ದಲ್ಲ, ಆರಿಸಿದವರದು.